ಊರು, ಕೇರಿ, ನಲ್ಲಿ ನೀರು: ಹದಿಹರೆಯದವರ ಜೊತೆ ಜಾತಿ ಅಸಮಾನತೆಯನ್ನು ಅಳೆದು ಬದಲಿಸಲು ಒಂದು ಮಾರ್ಗದರ್ಶಿ

ಹೈಸ್ಕೂಲು, ಪಿಯುಸಿ ಮಕ್ಕಳನ್ನು ಒಮ್ಮೆ ಕೇಳಿ ನೋಡಿ. "ನಮ್ಮೂರಲ್ಲಿ ಜಾತಿಗೀತಿ ಏನೂ ಇಲ್ಲ ಸಾರ್, ಎಲ್ಲ ಚೆನ್ನಾಗೇ ಇದೀವಿ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಜಾತಿ ಅಂದರೆ ಬೈಗುಳ, ಹೊಡೆದಾಟ ಅಂತ ಅವರು ತಿಳಿದಿದ್ದಾರೆ. ಟಿವಿಯಲ್ಲಿ ಬರುವ ಜಾತಿ ಅದೇ ತಾನೇ. ನೀರು ಯಾವ ಬೀದಿಗೆ ಮೊದಲು ಬರುತ್ತದೆ, ಬಸ್ಸು ಎಲ್ಲಿ ನಿಲ್ಲುತ್ತದೆ, ಹೆಣ ಎಲ್ಲಿ ಹೂಳುತ್ತಾರೆ, ಪಹಣಿಯಲ್ಲಿ ಯಾರ ಹೆಸರಿದೆ, ಇದೆಲ್ಲ ಕೂಡ ಜಾತಿಯೇ ಎಂದು ಅವರಿಗೆ ಯಾರೂ ತೋರಿಸಿರುವುದಿಲ್ಲ.

ಈ ಬರಹ ಶಾಲೆಯ ಮೇಷ್ಟ್ರು, ಮೇಡಂಗಳಿಗೆ, ಯುವಕ ಸಂಘ ನಡೆಸುವವರಿಗೆ, ಪಂಚಾಯ್ತಿ ಗ್ರಂಥಾಲಯದ ಮೇಲ್ವಿಚಾರಕರಿಗೆ ಮತ್ತು ತಮ್ಮೂರಿನ ಮಕ್ಕಳ ಜೊತೆ ಭಾನುವಾರ ಎರಡು ತಾಸು ಕೂರಬಲ್ಲ ಯಾರಿಗಾದರೂ ಇದೆ. ವಯಸ್ಸು 14ರಿಂದ 19 ಅಂತ ಇಟ್ಟುಕೊಳ್ಳಿ. ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು. ಅಸಮಾನತೆಯನ್ನು ಮಕ್ಕಳು ಭಾಷಣದಿಂದ ಕಲಿಯಬಾರದು, ತಾವೇ ಅಳೆದು ಕಲಿಯಬೇಕು. ಅಳೆದ ಮೇಲೆ ಒಂದು ಸಣ್ಣ ಸಂಗತಿಯನ್ನು ಬದಲಿಸಿಯೂ ನೋಡಬೇಕು. ಅದರ ಬೆಲೆಯನ್ನು ಮಾತ್ರ ಕೇರಿಯ, ಅಂದರೆ ದಲಿತರ ಬೀದಿಯ, ಮನೆಗಳು ತೆರುವಂತೆ ಆಗಬಾರದು.

ಮಕ್ಕಳನ್ನು ಕರೆಯುವ ಮೊದಲು

ಗುಂಪು ಬೆರಕೆಯಾಗಿರಲಿ. ಊರಿನ ಬೀದಿಗಳ ಮಕ್ಕಳು, ಕೇರಿಯ ಮಕ್ಕಳು, ಹುಡುಗರು, ಹುಡುಗಿಯರು ಎಲ್ಲರೂ ಇರಲಿ. ಹತ್ತು ಹನ್ನೆರಡು ಜನ ಸಾಕು. ಕೂರುವ ಜಾಗದ ಬಗ್ಗೆ ಯೋಚಿಸಿ. ದೇವಸ್ಥಾನದ ಜಗಲಿ ಬೇಡ. ದೊಡ್ಡ ಮನೆಯವರ ಅಂಗಳವೂ ಬೇಡ. ಶಾಲೆ ಅಥವಾ ಪಂಚಾಯ್ತಿಯ ಅರಿವು ಕೇಂದ್ರ (ಗ್ರಂಥಾಲಯ) ಒಳ್ಳೆಯದು, ಅಲ್ಲಿಗೆ ಬರಲು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ತಂದೆ ತಾಯಂದಿರಿಗೆ ಮೊದಲೇ ತಿಳಿಸಿ: "ಊರಿನ ನೀರು, ರಸ್ತೆ, ಜಮೀನಿನ ಬಗ್ಗೆ ಮಕ್ಕಳು ಒಂದು ಅಧ್ಯಯನ ಮಾಡುತ್ತಾರೆ" ಎಂದು. ಇದು ನಿಜವೂ ಹೌದು.

ಎರಡು ಕಟ್ಟಳೆಗಳನ್ನು ಯಾವತ್ತೂ ಮೀರಬೇಡಿ. ಯಾವ ಮಗುವನ್ನೂ "ನಿನ್ನದು ಯಾವ ಜಾತಿ" ಎಂದು ಎಲ್ಲರ ಮುಂದೆ ಕೇಳಬೇಡಿ. ದಲಿತ ಮಕ್ಕಳಿಗೆ "ನಿನಗಾದ ಅವಮಾನ ಹೇಳು" ಎನ್ನಬೇಡಿ. ಬೇರೆಯವರ ಕಲಿಕೆಗಾಗಿ ತನ್ನ ಗಾಯ ತೋರಿಸುವುದು ಆ ಮಗುವಿನ ಕೆಲಸವಲ್ಲ. ತಾನಾಗಿ ಹೇಳಿದರೆ ಕೇಳಿ. ಮುಗಿದ ಮೇಲೆ ಸುಮ್ನೆ ಕನಿಕರ ತೋರಿಸಬೇಡಿ, "ಇದು ಬರೀ ನಿನಗೊಬ್ಬನಿಗೆ ಆಗಿದ್ದಾ, ನಿನ್ನ ಬೀದಿಗೇ ಆಗುತ್ತಾ?" ಎಂದು ಕೇಳಿ. ಈ ಪ್ರಶ್ನೆ ಆ ನೋವನ್ನು ವ್ಯವಸ್ಥೆಯ ಕಡೆಗೆ ತಿರುಗಿಸುತ್ತದೆ.

ನಿಮ್ಮ ತಯಾರಿಯೂ ಬೇಕು. ನೀವು ಮೇಲ್ಜಾತಿಯಲ್ಲಿ ಹುಟ್ಟಿದವರಾದರೆ ಮಕ್ಕಳು ನಿಮ್ಮ ಬಾಯಿಗಿಂತ ನಿಮ್ಮ ನಡವಳಿಕೆಯನ್ನು ಜಾಸ್ತಿ ನೋಡುತ್ತಾರೆ. ಕೇರಿಯ ಮನೆಯಲ್ಲಿ ಟೀ ಕುಡಿಯುತ್ತೀರಾ? ಅಲ್ಲಿನ ಹಿರಿಯರನ್ನು ಏಕವಚನದಲ್ಲಿ ಕರೆಯುತ್ತೀರಾ? ಅರವತ್ತು ದಾಟಿದ ಕೂಲಿಯಾಳಿಗೆ "ಬಾರೋ" ಅನ್ನುವ ಊರಿನಲ್ಲಿ ಬೆಳೆದ ಮಕ್ಕಳಿಗೆ, ನೀವು ಅವರನ್ನು "ಬನ್ನಿ ಅಜ್ಜಾರೇ" ಎಂದು ಕರೆಯುವುದೇ ಮೊದಲ ಪಾಠ.

ಹೆಜ್ಜೆ 1: ಊರಿನ ನಕ್ಷೆ ಬರೆಯಿರಿ

ದೊಡ್ಡ ಡ್ರಾಯಿಂಗ್ ಹಾಳೆ, ನಾಲ್ಕು ಬಣ್ಣದ ಪೆನ್ನು ಸಾಕು. ಮೊದಲು ಕೂತಲ್ಲೇ, ನೆನಪಿನಿಂದ ಊರಿನ ನಕ್ಷೆ ಬರೆಯಲು ಹೇಳಿ. ಇಲ್ಲೇ ಒಂದು ವಿಷಯ ಕಾಣುತ್ತದೆ. ಊರಬೀದಿಯ ಮಕ್ಕಳು ದೇವಸ್ಥಾನ, ಡೇರಿ, ಸೊಸೈಟಿ, ಅಂಗಡಿಗಳನ್ನೆಲ್ಲ ಬಿಡಿಸಿ, ಕೇರಿಯನ್ನು ಹಾಳೆಯ ಮೂಲೆಯಲ್ಲಿ ಒಂದು ಸುತ್ತು ಹಾಕಿ ಬಿಡುತ್ತಾರೆ. ಕೆಲವರು ಅದನ್ನೂ ಹಾಕುವುದಿಲ್ಲ. ಕೇರಿಯ ಮಕ್ಕಳಿಗೆ ಮಾತ್ರ ಎರಡೂ ಕಡೆಯ ಓಣಿಗಳು ಗೊತ್ತಿರುತ್ತವೆ, ಕೆಲಸಕ್ಕೆಂದು ಅವರ ಮನೆಯವರು ಊರೊಳಗೆ ಬಂದೇ ಬರುತ್ತಾರಲ್ಲ. ಎರಡು ಹಾಳೆಗಳನ್ನು ಪಕ್ಕಪಕ್ಕ ಗೋಡೆಗೆ ಅಂಟಿಸಿ. ಏನೂ ಹೇಳಬೇಡಿ. ಅವರೇ ನೋಡಲಿ.

ಆಮೇಲೆ ಎಲ್ಲರೂ ಸೇರಿ ಊರು ಸುತ್ತಿ ಸರಿಯಾದ ನಕ್ಷೆ ಮಾಡಿ. ಓವರ್‌ಹೆಡ್ ಟ್ಯಾಂಕ್, ಬೋರ್‌ವೆಲ್, ಅಂಗನವಾಡಿ, ನ್ಯಾಯಬೆಲೆ ಅಂಗಡಿ, ಬಸ್ ನಿಲ್ಲುವ ಜಾಗ, ಸಿಮೆಂಟ್ ರಸ್ತೆ ಮುಗಿಯುವ ಜಾಗ, ಚರಂಡಿ ಹರಿದು ಕೊನೆಗೆ ಸೇರುವ ಜಾಗ, ಬೀದಿದೀಪ, ಕಸ ಸುರಿಯುವ ಗುಂಡಿ, ಸ್ಮಶಾನ, ಇಷ್ಟನ್ನು ಗುರುತಿಸಿ. ಸ್ಮಶಾನ ಎಷ್ಟಿವೆ ಎಂದು ಕೇಳುವುದನ್ನು ಮರೆಯಬೇಡಿ. ಎರಡು ಇದ್ದರೆ ಯಾವುದಕ್ಕೆ ಬೇಲಿ ಇದೆ, ಯಾವುದಕ್ಕೆ ದಾರಿ ಇದೆ, ಮಳೆಗಾಲದಲ್ಲಿ ಯಾವುದರಲ್ಲಿ ನೀರು ನಿಲ್ಲುತ್ತದೆ? ಒಂದೂ ಇಲ್ಲದಿದ್ದರೆ ಕೇರಿಯವರು ಹೆಣವನ್ನು ಎಲ್ಲಿಗೆ ಒಯ್ಯುತ್ತಾರೆ? ಹಳ್ಳದ ದಂಡೆಗೆ, ರಸ್ತೆ ಬದಿಗೆ ಎಂಬ ಉತ್ತರ ಬರುವ ಊರುಗಳು ಇನ್ನೂ ಇವೆ.

ಕಟ್ಟಡಗಳಷ್ಟೇ ಸಾಲದು, ಸಮಯವನ್ನೂ ಬರೆಯಿರಿ. ಕೇರಿಯ ಹುಡುಗಿ ಬಸ್ಸಿಗೆ ಎಷ್ಟು ನಿಮಿಷ ನಡೆಯುತ್ತಾಳೆ? ಸಂಜೆ ಟ್ಯೂಷನ್ನಿಂದ ಬರುವಾಗ ದೀಪವಿಲ್ಲದ ದಾರಿ ಎಷ್ಟು ದೂರ? ಇಲ್ಲಿ ಹುಡುಗಿಯರೇ ಮಾತಾಡಲಿ. ಜಾತಿಯ ಜೊತೆ ಹೆಣ್ಣಾಗಿರುವುದೂ ಸೇರಿದಾಗ ದಾರಿ ಇನ್ನೂ ಉದ್ದವಾಗುತ್ತದೆ ಎಂಬುದು ಅವರಿಗೆ ಗೊತ್ತು.

ನಗರದಲ್ಲಿ ಮಾಡುವವರು ಇದೇ ಕೆಲಸವನ್ನು ಅಪಾರ್ಟ್‌ಮೆಂಟಿನಲ್ಲೂ ಮಾಡಬಹುದು. ಮನೆಕೆಲಸದವರಿಗೆ ಯಾವ ಲಿಫ್ಟ್, ಯಾವ ಲೋಟ, ಯಾವ ಶೌಚಾಲಯ? ಕಸ ಬೇರ್ಪಡಿಸುವವರು ಊಟ ಮಾಡಲು ಎಲ್ಲಿ ಕೂರುತ್ತಾರೆ? ಅಲ್ಲೂ ನಕ್ಷೆ ತಾನೇ ಮಾತಾಡುತ್ತದೆ.

ಹೆಜ್ಜೆ 2: ನೀರನ್ನು ಅಳೆಯಿರಿ

ಎಲ್ಲಕ್ಕಿಂತ ಜಾಸ್ತಿ ಸಮಯ ಇದಕ್ಕೆ ಕೊಡಿ. ನೀರನ್ನು ಲೀಟರಿನಲ್ಲಿ ಅಳೆಯಬಹುದು, ಅದಕ್ಕೆ ಯಾರೂ "ನಿನ್ನ ಅಭಿಪ್ರಾಯ" ಎನ್ನಲಾರರು.

ಬೇಕಾದದ್ದು 10 ಲೀಟರಿನ ಬಕೆಟ್, ಒಂದು ಮೊಬೈಲ್ ಗಡಿಯಾರ, ಒಂದು ನೋಟ್‌ಬುಕ್. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರು ಊರಬೀದಿಯವರು, ಒಬ್ಬರು ಕೇರಿಯವರು. ಪ್ರತಿ ಬೀದಿಯಲ್ಲೂ ಮೂರು ಸಂಗತಿ ಬರೆಯಬೇಕು. ನೀರು ಎಷ್ಟು ಗಂಟೆಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು, ಬಕೆಟ್ ತುಂಬಲು ಎಷ್ಟು ನಿಮಿಷ ಹಿಡಿಯಿತು. ಒಂದು ವಾರ ಬರೆದರೆ ಚಿತ್ರ ಸಿಗುತ್ತದೆ. ನೀರು ಬಾರದ ದಿನವನ್ನೂ "ಬಂದಿಲ್ಲ" ಎಂದು ಬರೆಯಲೇಬೇಕು.

ಲೆಕ್ಕ ಹೀಗೆ ಮಾಡಿಸಿ. ಒಂದು ಬೀದಿಯಲ್ಲಿ ಬಕೆಟ್ ಒಂದು ನಿಮಿಷಕ್ಕೆ ತುಂಬಿ, ನೀರು ಒಂದು ತಾಸು ಬಂತು ಎಂದುಕೊಳ್ಳಿ. 60 ಬಕೆಟ್, 600 ಲೀಟರ್. ಐದು ಜನರ ಮನೆಯಲ್ಲಿ ತಲೆಗೆ 120 ಲೀಟರ್. ಇನ್ನೊಂದು ಬೀದಿಯಲ್ಲಿ ಬಕೆಟ್ ತುಂಬಲು ಮೂರು ನಿಮಿಷ, ನೀರು ಬಂದದ್ದು ಅರ್ಧ ತಾಸು. 10 ಬಕೆಟ್, 100 ಲೀಟರ್, ತಲೆಗೆ 20. ಈಗ ಗೋಡೆಯ ಮೇಲೆ ಇನ್ನೊಂದು ಸಂಖ್ಯೆ ಬರೆಯಿರಿ: 55. ಕೇಂದ್ರ ಸರ್ಕಾರ 2019ರಲ್ಲಿ ಶುರು ಮಾಡಿದ ಜಲ ಜೀವನ್ ಮಿಷನ್ ಪ್ರಕಾರ ಹಳ್ಳಿಯ ಪ್ರತಿ ಮನೆಗೂ ನಲ್ಲಿ ಇರಬೇಕು, ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ಸಿಗಬೇಕು. ನಮ್ಮಲ್ಲಿ "ಮನೆ ಮನೆಗೆ ಗಂಗೆ" ಎಂದು ಬೋರ್ಡು ಹಾಕಿರುವುದು ಇದಕ್ಕೇ. ಬೀದಿ ನಲ್ಲಿಯಾದರೆ ಅದನ್ನು ಬಳಸುವ ಎಲ್ಲ ಮನೆಗಳಿಗೂ ಭಾಗಿಸಬೇಕು, ಆಗ ಸಂಖ್ಯೆ ಇನ್ನೂ ಇಳಿಯುತ್ತದೆ.

ಇನ್ನು "ಯಾಕೆ" ಎಂಬ ಪ್ರಶ್ನೆ. ಮಕ್ಕಳ ಮೊದಲ ಉತ್ತರ ಸಾಮಾನ್ಯವಾಗಿ "ವಾಟರ್‌ಮ್ಯಾನ್ ಸರಿಯಿಲ್ಲ" ಎಂದಿರುತ್ತದೆ. ಅಲ್ಲಿಗೆ ಬಿಡಬೇಡಿ. ಅವರನ್ನು ಪೈಪಿನ ಹಿಂದೆಯೇ ನಡೆಸಿ. ಟ್ಯಾಂಕ್ ಎಲ್ಲಿದೆ? ಹಳೆಯ ಊರಿನ ನಡುವೆ. ಕೇರಿಗೆ ಹೋಗುವ ಲೈನನ್ನು ಯಾವಾಗ ಹಾಕಿದರು? ಎಷ್ಟೋ ಕಡೆ ಆಮೇಲೆ, ಉಳಿದ ಹಣದಲ್ಲಿ, ಸಣ್ಣ ಪೈಪಿನಲ್ಲಿ. ಲೈನಿನ ಕೊನೆಯ ಮನೆ ಯಾರದು? ಮೇಲಿನ ಬೀದಿಯಲ್ಲಿ ನಲ್ಲಿಗೆ ನೇರ ಮೋಟಾರ್ ಹಾಕಿ ಎಳೆಯುವವರು ಯಾರು? ಸಂಪು ಕಟ್ಟಿಸಲು ಜಾಗ, ದುಡ್ಡು ಯಾರಿಗಿದೆ? ಗೇಟ್‌ವಾಲ್ವ್ ತಿರುಗಿಸುವ ವಾಟರ್‌ಮ್ಯಾನ್‌ಗೆ ಫೋನ್ ಮಾಡಿ ಗದರಿಸುವ ಧೈರ್ಯ ಯಾವ ಬೀದಿಯವರಿಗಿದೆ? ಹೀಗೆ ಕೇಳುತ್ತಾ ಹೋದರೆ ಕೊನೆಗೆ ಒಬ್ಬ ಕೆಟ್ಟ ಮನುಷ್ಯ ಸಿಗುವುದಿಲ್ಲ. ಒಂದರ ಮೇಲೊಂದು ಕೂತ ಹತ್ತು ತೀರ್ಮಾನಗಳು ಸಿಗುತ್ತವೆ. ಯಾರೂ ದ್ವೇಷ ಮಾಡದೆಯೂ ಕೇರಿಗೆ ನೀರು ಕಡಿಮೆ ಬರಬಹುದು. ಮಕ್ಕಳಿಗೆ ಇದು ಅರ್ಥವಾದ ದಿನ ಅವರಿಗೆ ವ್ಯವಸ್ಥೆ ಅರ್ಥವಾಯಿತು ಎಂದು ತಿಳಿಯಿರಿ.

ದ್ವೇಷವೂ ಇದೆ, ಅದನ್ನು ಮುಚ್ಚಬೇಡಿ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ (ಬೀದಿಯ ನೀರಿನ ಟ್ಯಾಂಕಿನ) ನಲ್ಲಿಯಿಂದ ನೀರು ಕುಡಿದರು ಎಂದು ಆ ತೊಂಬೆಯ ನೀರನ್ನೇ ಖಾಲಿ ಮಾಡಿ ಗೋಮೂತ್ರದಿಂದ ತೊಳೆದ ಸುದ್ದಿ ಬಂತು. 1927ರ ಮಾರ್ಚ್ 20ರಂದು ಮಹಾರಾಷ್ಟ್ರದ ಮಹಾಡಿನ ಚೌದಾರ್ ಕೆರೆಗೆ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದು ಹೋಗಿ ನೀರು ಮುಟ್ಟಿದಾಗಲೂ, ಆಮೇಲೆ ಕೆರೆಯನ್ನು ಗಂಜಲ, ಸಗಣಿಯಿಂದ "ಶುದ್ಧಿ" ಮಾಡಿದ್ದರು. ಇವೆರಡನ್ನೂ ಒಟ್ಟಿಗೆ ಓದಿಸಿ. ನಡುವೆ ಹೆಚ್ಚೂಕಡಿಮೆ ನೂರು ವರ್ಷ ಇದೆ ಅಂತ ಮಕ್ಕಳೇ ಲೆಕ್ಕ ಹಾಕುತ್ತಾರೆ.

ಹೆಜ್ಜೆ 3: ಹೀಗೆ ಆದದ್ದು ಹೇಗೆ ಎಂದು ಹಿರಿಯರನ್ನು ಕೇಳಿ

ನಕ್ಷೆ ಈಗಿನದನ್ನು ಹೇಳುತ್ತದೆ. ಹಿಂದಿನದನ್ನು ಹಿರಿಯರೇ ಹೇಳಬೇಕು. ಕೇರಿಯ ಇಬ್ಬರು ಅಜ್ಜಿ ತಾತಂದಿರು, ಊರಬೀದಿಯ ಇಬ್ಬರು ಸಾಕು. ಮಕ್ಕಳು ಹೋಗುವ ಮೊದಲು ನೀವೇ ಹೋಗಿ ಒಪ್ಪಿಗೆ ಕೇಳಿ ಬನ್ನಿ. ರೆಕಾರ್ಡ್ ಮಾಡುವುದಾದರೆ ಕೇಳಿಯೇ ಮಾಡಿ.

ಜಮೀನಿನಿಂದ ಶುರು ಮಾಡಿಸಿ. ಮೈಸೂರು ಸೀಮೆಯಲ್ಲಿ ತೋಟಿ (ಊರ ಚಾಕರಿ), ತಳವಾರ (ಊರ ಕಾವಲು), ನೀರಗಂಟಿ (ಕೆರೆ ನೀರು ಬಿಡುವ) ಕೆಲಸಗಳು ವಂಶಪಾರಂಪರ್ಯವಾಗಿ ಬರುತ್ತಿದ್ದವು. ಅದಕ್ಕೆ ಕೊಡುತ್ತಿದ್ದ ಇನಾಮು ಭೂಮಿಯೂ ಇತ್ತು. 1961ರ ಕಾಯ್ದೆ ಈ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಆ ಭೂಮಿ ಈಗ ಯಾರ ಕೈಯಲ್ಲಿದೆ ಎಂದು ಕೇಳಿದರೆ ಅರ್ಧ ಊರಿನ ಕಥೆ ಹೊರಬರುತ್ತದೆ.

ಮುಂದಿನದು 1974, ದೇವರಾಜ ಅರಸರ ಭೂಸುಧಾರಣೆ. "ಉಳುವವನೇ ಹೊಲದೊಡೆಯ" ಎಂಬ ಮಾತನ್ನು ಮಕ್ಕಳು ಪಾಠದಲ್ಲಿ ಓದಿರುತ್ತಾರೆ. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿ ಭೂಮಿ ಪಡೆದರು. ಹಳ್ಳಿಯಲ್ಲಿ ಇವತ್ತಿಗೂ "ಡಿಕ್ಲರೇಷನ್ ಹಾಕಿದ್ದು" ಎನ್ನುವುದು ಇದನ್ನೇ. ಅದು ನಿಜಕ್ಕೂ ದೊಡ್ಡ ಬದಲಾವಣೆ. ಆದರೆ ಭೂಮಿ ಸಿಕ್ಕಿದ್ದು ಗೇಣಿದಾರರಿಗೆ. ಹೊಲದಲ್ಲಿ ಕೂಲಿ ಮಾಡುತ್ತಿದ್ದವರು, ಜೀತಕ್ಕಿದ್ದವರು ಗೇಣಿದಾರರಾಗಿರಲಿಲ್ಲ. ದಲಿತರಲ್ಲಿ ಬಹಳಷ್ಟು ಜನ ಈ ಸಾಲಿನವರು. ಉತ್ತವರಿಗೆ ಭೂಮಿ ಕೊಟ್ಟ ಕಾನೂನೇ ಕೈಯಿಂದ ಕಳೆ ಕಿತ್ತವರನ್ನು ಹಾಗೇ ಬಿಟ್ಟಿತು. ಒಳ್ಳೆಯ ಕಾನೂನು ಕೂಡ ಮೊದಲೇ ಸ್ವಲ್ಪ ಇದ್ದವರಿಗೆ ಜಾಸ್ತಿ ತಲುಪುವುದು ಹೀಗೆ. ಸರ್ಕಾರ ದಲಿತರಿಗೆ ಮಂಜೂರು ಮಾಡಿದ ಭೂಮಿ ಸಾಲಕ್ಕೋ ಮದುವೆ ಖರ್ಚಿಗೋ ಕೈಬಿಟ್ಟು ಹೋಗುತ್ತಿತ್ತು. ಅದನ್ನು ತಡೆಯಲು 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. ಹಿರಿಯರು "ನಮ್ಮದೂ ಎರಡು ಎಕರೆ ಇತ್ತು ಮಗಾ" ಎಂದಾಗ ಅದು ಹೋದದ್ದು ಹೇಗೆಂದು ಮೆಲ್ಲಗೆ ಕೇಳಿಸಿ.

ಪಹಣಿ ಆನ್‌ಲೈನಿನಲ್ಲಿ ಸಿಗುತ್ತದೆ. ಆದರೆ ಮಕ್ಕಳು ಹೆಸರುಗಳ ಪಟ್ಟಿ ಮಾಡಬಾರದು. "ಊರಬೀದಿ, ಕೇರಿ" ಮತ್ತು "ಗಂಡಸು, ಹೆಂಗಸು" ಎಂಬ ಎರಡು ಎಣಿಕೆ ಸಾಕು. ಎರಡನೇ ಎಣಿಕೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ತಮ್ಮ ತಮ್ಮ ಅಮ್ಮನ ಹೆಸರು ಹುಡುಕುತ್ತಾರೆ. ಮೇಲ್ಜಾತಿಯ ಮಕ್ಕಳಿಗೆ ಅಸಮಾನತೆ ಮೊದಲ ಸಲ ತಮ್ಮದೇ ಮನೆಯ ವಿಷಯವಾಗುವುದು ಆವಾಗ.

ಹೆಜ್ಜೆ 4: ಮೀಸಲಾತಿಯ ಪ್ರಶ್ನೆಯನ್ನು ಎದುರಿಸಿ

ಈ ಪ್ರಶ್ನೆ ಬಂದೇ ಬರುತ್ತದೆ. "ನಂಗೆ 92 ಪರ್ಸೆಂಟ್ ಬಂದ್ರೂ ಸೀಟ್ ಸಿಗಲ್ಲ, ಅವ್ರಿಗೆ ಸಿಗುತ್ತೆ, ಇದೂ ಅಸಮಾನತೆ ಅಲ್ವಾ?" ಕೇಳಿದ ಹುಡುಗನನ್ನು ಬೈಯಬೇಡಿ. ಅವನ ಮನೆಯಲ್ಲಿ ದಿನವೂ ಕೇಳುವ ಮಾತದು. ಕೇರಿಯ ಮಕ್ಕಳು ಅಲ್ಲೇ ಕೂತಿರುತ್ತಾರೆ, ಅವರಿಗೆ ಉತ್ತರ ಹೇಳುವ ಹೊರೆ ಬೀಳದಂತೆ ನೀವೇ ಮಾತಾಡಿ.

ನಾನು ಕಥೆಯನ್ನು 1918ರಿಂದ ಶುರು ಮಾಡುತ್ತೇನೆ. ಮೈಸೂರು ಸಂಸ್ಥಾನದ ಸರ್ಕಾರಿ ಕೆಲಸಗಳಲ್ಲಿ ಆಗ ಬಹುಪಾಲು ಬ್ರಾಹ್ಮಣರೇ ಇದ್ದರು. ಉಳಿದ ಸಮುದಾಯಗಳ ಮುಖಂಡರು ನಾಲ್ವಡಿ ಕೃಷ್ಣರಾಜ ಒಡೆಯರ ಬಳಿ ಹೋಗಿ ತಮ್ಮ ಪಾಲು ಕೇಳಿದರು. ಮಹಾರಾಜರು ಸರ್ ಲೆಸ್ಲಿ ಮಿಲ್ಲರ್ ಅವರ ಸಮಿತಿ ಮಾಡಿದರು. 1919ರಲ್ಲಿ ವರದಿ ಬಂತು, ಅದರ ಮೇಲೆ ಹಿಂದುಳಿದವರಿಗೆ ಮೀಸಲಾತಿ ಬಂತು. ಸಂವಿಧಾನಕ್ಕಿಂತ ಮೂವತ್ತು ವರ್ಷ ಮೊದಲು! ಆಗ ಹಿಂದುಳಿದವರು ಎಂದರೆ ಯಾರು? ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರೂ ಸೇರಿ, ಬ್ರಾಹ್ಮಣರನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲರೂ. ಇವತ್ತಿಗೂ ಒಕ್ಕಲಿಗರು ಬರುವ 3ಎ, ಲಿಂಗಾಯತರು ಬರುವ 3ಬಿ ಮೀಸಲಾತಿ ಪ್ರವರ್ಗಗಳಿವೆ. 2019ರಿಂದ ಯಾವ ಮೀಸಲಾತಿಯೂ ಇಲ್ಲದ ಜಾತಿಗಳ ಬಡವರಿಗೆ ಕೇಂದ್ರ ಸರ್ಕಾರದ ಕೆಲಸ, ಕಾಲೇಜುಗಳಲ್ಲಿ ಶೇ 10ರ ಕೋಟಾ ಇದೆ. ಅಂದರೆ ಕ್ಲಾಸಿನಲ್ಲಿ ಕೂತ ಬಹುತೇಕ ಎಲ್ಲ ಮಕ್ಕಳಿಗೂ ಒಂದಲ್ಲ ಒಂದು ಮೀಸಲಾತಿಯ ಅವಕಾಶ ಉಂಟು. ಆದರೆ "ಕೋಟಾದವನು" ಎಂಬ ಹೆಸರು ಅಂಟುವುದು ಒಬ್ಬರಿಗೆ ಮಾತ್ರ. ಇದು ಯಾಕೆ ಎಂದು ಮಕ್ಕಳನ್ನೇ ಕೇಳಿ, ಉತ್ತರಕ್ಕೆ ಅವಸರ ಮಾಡಬೇಡಿ.

ಅಂಕದ ವಿಷಯಕ್ಕೆ ನೀರಿನ ನೋಟ್‌ಬುಕ್ಕನ್ನೇ ತೆಗೆಯಿರಿ. ಬೆಳಿಗ್ಗೆ ಬಕೆಟ್ ತುಂಬಲು ಒಂದು ತಾಸು ಕಾಯುವ ಹುಡುಗಿ ಮತ್ತು ಸಂಪಿನ ಮನೆಯ ಹುಡುಗ, ಇಬ್ಬರಿಗೂ ಪರೀಕ್ಷೆ ಒಂದೇ ದಿನ.

ಹೆಜ್ಜೆ 5: ಕಾನೂನನ್ನು ಗಟ್ಟಿಯಾಗಿ ಓದಿಸಿ

2023ರಿಂದ ಸೆಪ್ಟೆಂಬರ್ 15ರಂದು ರಾಜ್ಯದಲ್ಲೆಲ್ಲ ಸಂವಿಧಾನದ ಪೀಠಿಕೆ ಓದಿಸುತ್ತಾರೆ. ಪೀಠಿಕೆ ಒಳ್ಳೆಯದೇ. ಮಕ್ಕಳಿಗೆ ಅದರ ಜೊತೆ 15 ಮತ್ತು 17ನೇ ವಿಧಿಗಳನ್ನು ಓದಿಸಿ. 17 ಅಸ್ಪೃಶ್ಯತೆಯನ್ನು ರದ್ದು ಮಾಡುತ್ತದೆ. 15ರ ಎರಡನೇ ಭಾಗ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ಹೆಸರನ್ನೇ ಹೇಳುತ್ತದೆ.

ಆಮೇಲೆ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ, 1989. ಅದರ 3ನೇ ಕಲಂಗೆ 2015ರ ತಿದ್ದುಪಡಿಯಲ್ಲಿ ಸೇರಿಸಿದ ಪಟ್ಟಿಯನ್ನು ಒಬ್ಬೊಬ್ಬರು ಒಂದೊಂದು ಸಾಲಿನಂತೆ ಓದಲಿ. ಸ್ಮಶಾನ ಬಳಸದಂತೆ ತಡೆಯುವುದು. ನಲ್ಲಿ, ಬಾವಿ ಬಳಸದಂತೆ ತಡೆಯುವುದು. ಸೈಕಲ್ ಅಥವಾ ಬೈಕ್ ಹತ್ತದಂತೆ ತಡೆಯುವುದು. ಚಪ್ಪಲಿ, ಹೊಸ ಬಟ್ಟೆ ಹಾಕದಂತೆ ತಡೆಯುವುದು. ಮದುವೆ ಮೆರವಣಿಗೆ ತಡೆಯುವುದು. ಗುಡಿಯ ಒಳಗೆ ಬಿಡದಿರುವುದು. ಸಾಮಾಜಿಕ ಬಹಿಷ್ಕಾರ. ಎಲ್ಲವೂ ಅಪರಾಧ. ಓದಿ ಮುಗಿದ ಮೇಲೆ "ಚಪ್ಪಲಿಯ ಬಗ್ಗೆ ಸಂಸತ್ತು ಯಾಕೆ ಕಾನೂನು ಮಾಡಬೇಕಾಯಿತು?" ಎಂದು ಕೇಳಿ. ನಡೆಯದ ಸಂಗತಿಗೆ ಯಾರೂ ಕಾನೂನು ಬರೆಯುವುದಿಲ್ಲ.

ಕಾನೂನಿದ್ದರೂ ಯಾಕೆ ನಡೆಯುತ್ತದೆ? ಇದಕ್ಕೆ ನಮ್ಮದೇ ರಾಜ್ಯದ ಪ್ರಕರಣಗಳನ್ನು ಇಟ್ಟುಕೊಂಡು ಮಾತಾಡಿ. 2021ರಲ್ಲಿ ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಒಂದು ಪುಟ್ಟ ಮಗು ಗುಡಿಯೊಳಗೆ ಓಡಿತೆಂದು ಆ ಕುಟುಂಬಕ್ಕೆ ದಂಡ ಹಾಕಿದರು. 2022ರಲ್ಲಿ ಮಾಲೂರು ತಾಲೂಕಿನ ಉಳ್ಳೇರಹಳ್ಳಿಯಲ್ಲಿ ಬಾಲಕನೊಬ್ಬ ದೇವರ ಕೋಲು ಮುಟ್ಟಿದನೆಂದು 60,000 ರೂಪಾಯಿ ದಂಡ ಕೇಳಿದರು. ಮಕ್ಕಳಿಗೆ ಕೊಡುವ ಪ್ರಶ್ನೆ ಇದು: ದಂಡ ಹಾಕಲು ಆ ಹಿರಿಯರಿಗೆ ಯಾವ ಕಾನೂನು ಅಧಿಕಾರ ಕೊಟ್ಟಿದೆ? ಯಾವುದೂ ಇಲ್ಲ. ಹಾಗಾದರೆ ಕಟ್ಟದಿದ್ದರೆ ಏನಾಗುತ್ತದೆಂದು ಜನ ಹೆದರುತ್ತಾರೆ? ಕೂಲಿ ಕೆಲಸ ನಿಲ್ಲುತ್ತದೆ. ಅಂಗಡಿಯಲ್ಲಿ ಸಾಮಾನು ಕೊಡುವುದಿಲ್ಲ. ಡೇರಿಯಲ್ಲಿ ಹಾಲು ಹಾಕಿಸಿಕೊಳ್ಳುವುದಿಲ್ಲ. ದಂಡದ ಬಲ ಇರುವುದು ಹೊಲದಲ್ಲಿ, ಅಂಗಡಿಯಲ್ಲಿ, ಡೇರಿಯಲ್ಲಿ.

ಪಿಯುಸಿ ದಾಟಿದವರ ಜೊತೆಯಾದರೆ ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯ ಬಗ್ಗೆಯೂ ಮಾತಾಡಬೇಕು. 2000ದ ಮಾರ್ಚ್‌ನಲ್ಲಿ ಅಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು. ಸಾಕ್ಷಿ ತಿರುಗಿಬೀಳುವುದು ಯಾಕೆ ಎಂಬ ಪ್ರಶ್ನೆಗೆ ಉತ್ತರ ಮತ್ತೆ ಮೇಲಿನ ಪ್ಯಾರಾದಲ್ಲೇ ಇದೆ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಕೊಪ್ಪಳದ ನ್ಯಾಯಾಲಯ 2024ರ ಅಕ್ಟೋಬರ್‌ನಲ್ಲಿ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅದಕ್ಕೆ ಹತ್ತು ವರ್ಷ ಹಿಡಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳು ಕುಗ್ಗಿಹೋಗುತ್ತಾರೆ. ಬದಲಾಯಿಸಿದವರ ಕಥೆಯನ್ನೂ ಅದೇ ದಿನ ಹೇಳಿ. ಮಂಗಳೂರಿನಲ್ಲಿ 1892ರಲ್ಲಿ ಕುದ್ಮುಲ್ ರಂಗರಾವ್ ದಲಿತ ಮಕ್ಕಳಿಗಾಗಿ ಶಾಲೆ ತೆರೆದರು, ಅವರ ಸ್ವಂತ ಜಾತಿ ಅವರನ್ನು ಹೊರಗಿಟ್ಟಿತು. ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದದ್ದಕ್ಕೆ ಎದ್ದ 1973ರ ಬೂಸಾ ಗಲಾಟೆಯ ಹೊತ್ತಿಗೆ ಬೀದಿಗಿಳಿದವರಲ್ಲಿ ಹಾಸ್ಟೆಲಿನ ದಲಿತ ಹುಡುಗರಿದ್ದರು, ನಿಮ್ಮ ಗುಂಪಿನ ಮಕ್ಕಳಿಗಿಂತ ನಾಲ್ಕೈದು ವರ್ಷ ದೊಡ್ಡವರು ಅಷ್ಟೇ. ಅದರ ಬೆನ್ನಿಗೇ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪ ಮತ್ತು ಸಂಗಾತಿಗಳು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಕರಾವಳಿಯ ಕೊರಗ ಸಮುದಾಯದವರು ತಮ್ಮನ್ನು ಕೀಳೆಂದು ಕಂಡು ಅವಮಾನದ ಚಾಕರಿ ಮಾಡಿಸುವ ಅಜಲು ಪದ್ಧತಿಯ ವಿರುದ್ಧ ದನಿಯೆತ್ತಿದರು, 2000ದಲ್ಲಿ ಅದನ್ನು ನಿಷೇಧಿಸುವ ಕಾಯ್ದೆ ಬಂತು.

ಹೆಜ್ಜೆ 6: ಒಂದೇ ಒಂದನ್ನು ಆರಿಸಿ

ಈಗ ಮಕ್ಕಳಿಗೆ ಎಲ್ಲವನ್ನೂ ಬದಲಿಸುವ ಉತ್ಸಾಹ ಬಂದಿರುತ್ತದೆ. ಗುಡಿ ಪ್ರವೇಶದಿಂದಲೇ ಶುರು ಮಾಡೋಣ ಅನ್ನುವವರಿರುತ್ತಾರೆ. ನನ್ನ ಸಲಹೆ, ಮೊದಲ ವರ್ಷ ಅದು ಬೇಡ. ಹಕ್ಕು ಖಂಡಿತ ಇದೆ. ಆದರೆ ಅಲ್ಲಿ ಪೆಟ್ಟು ತಿನ್ನುವುದು ಕೇರಿಯ ಮನೆಗಳು, ತೀರ್ಮಾನ ಅವರದೇ ಆಗಿರಬೇಕು. ಮಕ್ಕಳ ಗುಂಪು ಆರಿಸುವ ಸಂಗತಿಗೆ ಮೂರು ಗುಣ ಇರಲಿ: ಅಳೆದ ದಾಖಲೆ ಕೈಯಲ್ಲಿರಬೇಕು, ಅದನ್ನು ಸರಿ ಮಾಡುವ ಕರ್ತವ್ಯ ಒಂದು ಗೊತ್ತಾದ ಕಚೇರಿಗೆ ಇರಬೇಕು, ಕೇರಿಯವರು "ಹೌದು, ಇದೇ ಮೊದಲು ಆಗಲಿ" ಅನ್ನಬೇಕು. ನೀರು, ಬೀದಿದೀಪ, ಸ್ಮಶಾನದ ದಾರಿ ಈ ಅಳತೆಗೆ ಹೊಂದುತ್ತವೆ.

ಕೇರಿಯವರನ್ನು ಕೇಳುವುದೆಂದರೆ ಅಲ್ಲಿಯ ಒಬ್ಬ ಮುಖಂಡರನ್ನು ಕೇಳಿ ಬರುವುದಲ್ಲ. ಸಂಜೆ ಹೆಂಗಸರು ಕೆಲಸದಿಂದ ಬಂದ ಮೇಲೆ ಹೋಗಿ. ನೀರು ಹಿಡಿಯುವವರು ಅವರೇ. ಅವರು ಬೇಡ ಎಂದರೆ ಬೇಡ.

ಮೊದಲ ಬಾಗಿಲು ಮಕ್ಕಳ ಗ್ರಾಮಸಭೆ. ಪಂಚಾಯ್ತಿಗಳು ವರ್ಷಕ್ಕೊಮ್ಮೆ, ಹೆಚ್ಚಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಿಂದ ಮುಂದೆ ಇದನ್ನು ನಡೆಸುತ್ತವೆ. ಎಷ್ಟೋ ಕಡೆ ಹಾಡು, ಭಾಷಣ, ಲಾಡುವಿನಲ್ಲಿ ಮುಗಿಯುತ್ತದೆ. ನಿಮ್ಮ ಮಕ್ಕಳು ನೋಟ್‌ಬುಕ್ ಹಿಡಿದು ಹೋಗಲಿ. ಅಲ್ಲಿ ಮಾತಾಡುವವರು ಯಾರು ಎಂಬುದನ್ನು ಮೊದಲೇ ತೀರ್ಮಾನಿಸಿ. ಅಳತೆಯ ಅಂಕಿ ಓದುವ ಕೆಲಸ ಊರಬೀದಿಯ ಮಕ್ಕಳು ಮಾಡಲಿ. ಅದೇ ಮಾತನ್ನು ಕೇರಿಯ ಹುಡುಗ ಆಡಿದರೆ ಮರುದಿನ ಅವನ ಅಪ್ಪನನ್ನು ಹೊಲದಲ್ಲಿ ಕೇಳುತ್ತಾರೆ. ಕೇರಿಯ ಮಕ್ಕಳು ತಾವೇ ಮಾತಾಡುತ್ತೇವೆ ಎಂದು ಮುಂದೆ ಬಂದರೆ, ಮನೆಯವರ ಒಪ್ಪಿಗೆ ಇದ್ದರೆ, ಖಂಡಿತ ಅವರೇ ಮಾತಾಡಲಿ. ಆಗ ಉಳಿದವರೆಲ್ಲ ಪಕ್ಕದಲ್ಲಿ ನಿಂತಿರಬೇಕು.

ಅರ್ಜಿ ಚಿಕ್ಕದಿರಲಿ. ಮಾದರಿ ಹೀಗಿರಬಹುದು (ಇದರಲ್ಲಿ ಕಾಲೋನಿ ಎಂದರೆ ಕೇರಿ):

*ಗೆ, ಅಧ್ಯಕ್ಷರು ಮತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳು.*
*ವಿಷಯ: ಕಾಲೋನಿಯ ಬೀದಿಗಳಿಗೆ ಸಮನಾಗಿ ಕುಡಿಯುವ ನೀರು ಕೊಡುವ ಬಗ್ಗೆ.*
*ಮಾನ್ಯರೇ, ನಾವು ಒಂದು ವಾರ ಎಲ್ಲ ಬೀದಿಗಳ ನೀರನ್ನು ಅಳೆದಿದ್ದೇವೆ. ಪಟ್ಟಿ ಲಗತ್ತಿಸಿದೆ. ಕಾಲೋನಿಯ ಬೀದಿಗಳಲ್ಲಿ ಒಬ್ಬರಿಗೆ ದಿನಕ್ಕೆ ಸಿಗುತ್ತಿರುವುದು ಇಷ್ಟು ಲೀಟರ್. ಸಿಗಬೇಕಾದ್ದು 55. ಕಾಲೋನಿಗೆ ಪ್ರತ್ಯೇಕ ವಾಲ್ವ್ ಹಾಕಿ, ಮೊದಲ ಸರದಿಯಲ್ಲಿ ನೀರು ಬಿಡಬೇಕು. ನಲ್ಲಿಗೆ ನೇರ ಮೋಟಾರ್ ಹಾಕುವುದನ್ನು ನಿಲ್ಲಿಸಬೇಕು. ತೆಗೆದುಕೊಂಡ ಕ್ರಮವನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇವೆ.*

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸೀಲಿಲ್ಲದ ಅರ್ಜಿ ಕೊಟ್ಟಂತೆಯೇ ಅಲ್ಲ. ವಿಷಯ ನಡಾವಳಿ ಪುಸ್ತಕದಲ್ಲಿ ಬರೆಯಲಾಗಿದೆಯಾ ಎಂದು ಪಿಡಿಒ ಅವರನ್ನು ಅಲ್ಲೇ ಕೇಳಿ. ಪಂಚಾಯ್ತಿಯಲ್ಲಿ ಸಾಮಾಜಿಕ ನ್ಯಾಯ ಸಮಿತಿ ಎಂಬುದೊಂದು ಇರುತ್ತದೆ, ಅದರ ಸದಸ್ಯರಿಗೂ ಒಂದು ಪ್ರತಿ ಕೊಡಿ. ಆ ಸಮಿತಿ ಇದೆ ಎಂಬುದು ಎಷ್ಟೋ ಸದಸ್ಯರಿಗೇ ನೆನಪಿರುವುದಿಲ್ಲ.

"ಫಂಡ್ ಇಲ್ಲ" ಎಂದರೆ ಮಾಹಿತಿ ಹಕ್ಕು ಬಳಸಿ. 2005ರ ಕಾಯ್ದೆ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರಬೇಕು. ಕುಡಿಯುವ ನೀರಿನ ಕಾಮಗಾರಿಯ ಅಂದಾಜು ಪಟ್ಟಿ, ಪರಿಶಿಷ್ಟರಿಗೆ ಮೀಸಲಿಟ್ಟ ಹಣದ ಮೂರು ವರ್ಷದ ಖರ್ಚಿನ ವಿವರ, ಇವೆರಡನ್ನು ಬೇರೆ ಬೇರೆ ಅರ್ಜಿಯಲ್ಲಿ ಕೇಳಿ. ಪಂಚಾಯ್ತಿಯಂತೆ ರಾಜ್ಯ ಮಟ್ಟದಲ್ಲೂ ಪರಿಶಿಷ್ಟರಿಗೆ ಹಣ ಮೀಸಲಿಡುವ ನಿಯಮವಿದೆ. 2013ರ ಕಾಯ್ದೆ ಪ್ರಕಾರ ಯೋಜನೆಯ ಹಣದಲ್ಲಿ ಪರಿಶಿಷ್ಟರ ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ಶೇ 24.1, ಅವರಿಗೇ ಹೋಗಬೇಕು. ಅರ್ಜಿಗೆ ಸಹಿ ಮಾಡುವವರು 18 ದಾಟಿದವರಾಗಿರಲಿ. ಊರಿನ ಹೊಲಗಳನ್ನು ಕೂಲಿಗಾಗಿ ನೆಚ್ಚಿಕೊಂಡವರು ಬೇಡ, ಸಂಬಳದ ಕೆಲಸದಲ್ಲಿರುವವರೋ ನೀವೋ ಮಾಡಿ.

ಹೆಜ್ಜೆ 7: ಪೆಟ್ಟು ಬಂದರೆ

ಬರಬಹುದು. ಮೊದಲು ಸಣ್ಣ ಮಾತಾಗಿ ಬರುತ್ತದೆ: "ಮಕ್ಕಳ ತಲೆ ಕೆಡಿಸ್ತಿದೀರ". ಪೋಷಕರ ಬಳಿ ನೀವೇ ಹೋಗಿ ಕೂತು ಮಾತಾಡಿ, ನೋಟ್‌ಬುಕ್ ತೋರಿಸಿ. ಗುಂಪಿನ ಕೆಲಸ ಮುಚ್ಚುಮರೆಯಿಲ್ಲದೆ ನಡೆದಿದ್ದರೆ ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ. ಮಕ್ಕಳಿಗೆ ಅಪ್ಪ ಅಮ್ಮನ ಮೇಲೆ ತಿರುಗಿಬೀಳಲು ಹೇಳಬೇಡಿ. ಅವರು ಅದೇ ಮನೆಯಲ್ಲಿ ಮಲಗಬೇಕು. ವಿಡಿಯೋ, ಫೋಟೋಗಳನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕದಂತೆ ಮೊದಲ ದಿನವೇ ಮಾತು ತೆಗೆದುಕೊಳ್ಳಿ.

ಬೆದರಿಕೆ, ಕೂಲಿ ನಿಲ್ಲಿಸುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು ಶುರುವಾದರೆ ಅದು ಬರೀ ಊರ ಜಗಳವಲ್ಲ, ದೌರ್ಜನ್ಯ ತಡೆ ಕಾಯ್ದೆಯಡಿ ಬರುವ ಅಪರಾಧ. ದೂರು ಕೊಟ್ಟರೆ ಪೊಲೀಸರು ಪ್ರಾಥಮಿಕ ವಿಚಾರಣೆಯ ಹೆಸರಿನಲ್ಲಿ ಕಾಯಿಸದೆ ಎಫ್‌ಐಆರ್ ಹಾಕಬೇಕು. 2018ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ತನಿಖೆ ಡಿವೈಎಸ್‌ಪಿ ದರ್ಜೆಯವರು ಮಾಡಬೇಕು. ಕರ್ತವ್ಯ ಮಾಡದ ಅಧಿಕಾರಿಗೂ 4ನೇ ಕಲಂ ಪ್ರಕಾರ ಶಿಕ್ಷೆ ಇದೆ. ತಾಲೂಕಿನ ಸಮಾಜ ಕಲ್ಯಾಣ ಇಲಾಖೆಗೂ ಬರಹದಲ್ಲಿ ತಿಳಿಸಿ. ರಾಜಿ ಪಂಚಾಯ್ತಿಗೆ ಕೇರಿಯವರನ್ನು ಒಂಟಿಯಾಗಿ ಕಳಿಸಬೇಡಿ. ತುರ್ತಿಗೆ 112, ಮಕ್ಕಳಿಗೆ ತೊಂದರೆಯಾದರೆ 1098, ದೌರ್ಜನ್ಯದ ದೂರಿಗೆ 14566. ಈ ಮೂರು ಸಂಖ್ಯೆಗಳನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೇ ಬರೆಸಿ. ನಿಮ್ಮ ತಾಲೂಕಿನ ದಲಿತ ಸಂಘಟನೆಯವರ ಪರಿಚಯವನ್ನು ಗಲಾಟೆ ಆಗುವ ಮೊದಲೇ ಮಾಡಿಕೊಂಡಿರಿ.

ಹೆಜ್ಜೆ 8: ಮತ್ತೆ ಅಳೆಯಿರಿ

ವಾಲ್ವ್ ಹಾಕಿದರು, ನೀರು ಬಂತು ಎಂದು ಫೋಟೋ ತೆಗೆದು ಮುಗಿಸಬೇಡಿ. ಮೂರು ತಿಂಗಳ ನಂತರ ಅದೇ ಬಕೆಟ್ ಹಿಡಿದು ಅದೇ ಬೀದಿಗಳಿಗೆ ಹೋಗಿ. ಬೇಸಿಗೆಯಲ್ಲಿ ಇನ್ನೊಮ್ಮೆ. ನೀರು ಕಡಿಮೆಯಾದಾಗ ಯಾರ ಸರದಿ ಮೊದಲು ಕತ್ತರಿಸುತ್ತಾರೆ ಎಂಬುದು ಆಗಲೇ ಗೊತ್ತಾಗುವುದು. ಮುಂದಿನ ಗ್ರಾಮಸಭೆಯಲ್ಲಿ ಹಿಂದಿನ ಅರ್ಜಿಯ ಮೇಲೆ ಏನು ಕ್ರಮ ಆಯಿತು ಎಂದು ಕೇಳುವುದು ಮಕ್ಕಳ ಮೊದಲ ಪ್ರಶ್ನೆಯಾಗಿರಲಿ.

ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಗಿಸಿದ ಮಕ್ಕಳು ಪ್ರತಿ ವರ್ಷ ಊರು ಬಿಟ್ಟು ಹೋಗುತ್ತಾರೆ. ಅದಕ್ಕೇ ಒಂಬತ್ತನೇ ಕ್ಲಾಸಿನ ಇಬ್ಬರನ್ನು ಯಾವಾಗಲೂ ಗುಂಪಿನಲ್ಲಿ ಇಟ್ಟುಕೊಳ್ಳಿ, ಒಬ್ಬರು ಕೇರಿಯವರು, ಒಬ್ಬರು ಊರಬೀದಿಯವರು. ನಕ್ಷೆ, ಅಳತೆಯ ಪಟ್ಟಿ, ಸೀಲು ಬಿದ್ದ ಅರ್ಜಿಗಳ ಜೆರಾಕ್ಸ್ ಎಲ್ಲವೂ ಒಂದೇ ಫೈಲಿನಲ್ಲಿ ಗ್ರಂಥಾಲಯದ ಬೀರುವಿನಲ್ಲಿರಲಿ. ಮೂಲಪ್ರತಿ ನಿಮ್ಮ ಬಳಿ ಇರಲಿ. ಜೂನ್‌ನಲ್ಲಿ ಶಾಲೆ ಶುರುವಾದ ಮೊದಲ ಭಾನುವಾರ ಹೊಸ ಮಕ್ಕಳಿಗೆ ಆ ಫೈಲನ್ನು ಹಳಬರೇ ತೆಗೆದು ತೋರಿಸಲಿ. ಸ್ಮಶಾನದ ದಾರಿಯೋ ಬೀದಿದೀಪವೋ, ಮುಂದಿನದನ್ನು ಆರಿಸುವುದು ಹೊಸಬರಿಗೆ ಬಿಟ್ಟದ್ದು.